ಐದನೆಯ ತಿಂಗಳ ಜ್ವರ

ಫೆಬ್ರವರಿ 11

ಅಕ್ಕನಿಗೆ,

ನಾನು ಫೋನ್ ಎತ್ತುತ್ತಿಲ್ಲ ಎಂದು ಇವರ ಹತ್ತಿರ ದೂರು ಹೇಳಿದೆಯಂತೆ. ಬೇಕೆಂದೇ ಎತ್ತುತ್ತಿಲ್ಲ. ನೀನು ಮಾತಾಡಲು ಶುರುಮಾಡಿದರೆ ಐದು ನಿಮಿಷದಲ್ಲಿ ನಾನು ಎಲ್ಲದಕ್ಕೂ ‘ಹ್ಞೂಂ’ ಎಂದುಬಿಡುತ್ತೇನೆ. ಚಿಕ್ಕಂದಿನಿಂದಲೂ ಹಾಗೇ. ನನ್ನ ಜಡೆ ಕತ್ತರಿಸಿದ್ದೂ ನೀನೇ, ಅದು ನನಗೆ ಒಪ್ಪುತ್ತದೆ ಎಂದು ನನ್ನ ಬಾಯಲ್ಲೇ ಹೇಳಿಸಿದ್ದೂ ನೀನೇ. ಕಾಗದದಲ್ಲಾದರೆ ನನ್ನ ಮಾತು ಮುಗಿಯುವವರೆಗೆ ನೀನು ನಡುವೆ ಬಾಯಿ ಹಾಕುವಂತಿಲ್ಲ.

ಗುನ್ನಿ ಹೋಗಿ ನಾಳೆಗೆ ಮೂರು ತಿಂಗಳು. ಬೈಂಡಿಂಗ್ ಅಂಗಡಿಯಲ್ಲಿ ಅವಳ ಮೇಜನ್ನು ಯಾರೂ ಮುಟ್ಟಿಲ್ಲ. ಇಪ್ಪತ್ತಮೂರು ವರ್ಷದ ಹುಡುಗಿ ಒಂದು ಇಡೀ ವಾಕ್ಯ ಆಡಿದ್ದು ನನ್ನ ನೆನಪಿನಲ್ಲಿ ನಾಲ್ಕೋ ಐದೋ ಸಲ. ಆದರೆ ಹಾಳೆ ಮಡಿಸುವುದರಲ್ಲಿ ಅವಳನ್ನು ಮೀರಿಸಿದವರನ್ನು ನಾನು ಕಾಣೆ. ದೊಡ್ಡ ಹಾಳೆಯನ್ನು ಮೂರೇ ಮಡಿಕೆಯಲ್ಲಿ ಹದಿನಾರು ಪುಟ ಮಾಡುವಳು, ಅಂಚು ಕೂದಲೆಳೆಯಷ್ಟೂ ಆಚೀಚೆ ಆಗುತ್ತಿರಲಿಲ್ಲ. ಮಡಿಸುತ್ತ ಮಡಿಸುತ್ತ ಒಂದೇ ಸಮನೆ ಗುನುಗುವಳು. ಗುನ್ನಿ ಎಂದು ನೀನೇ ತಾನೇ ಕರೆದದ್ದು? ಈಗ ಅಂಗಡಿ ಎಷ್ಟು ಸುಮ್ಮನಿದೆ ಎಂದರೆ ಇವರು ಕೆಲಸವಿಲ್ಲದಿದ್ದರೂ ಕಟಿಂಗ್ ಮಿಷನ್ ಓಡಿಸಿಕೊಂಡು ನಿಲ್ಲುತ್ತಾರೆ.

ಬರೆಯಲು ಕೂತದ್ದು ಒಂದು ಮಾತು ಕೇಳಲಿಕ್ಕೆ. ಅವಳಿಗೆ ಫಿಟ್ಸ್ ಬಂದು ಎರಡು ಗಂಟೆ ನಿಲ್ಲದೆ, ಐದು ದಿನ ಉಸಿರಾಟದ ಯಂತ್ರದ ಮೇಲಿದ್ದಾಗ, ಐಸಿಯು ಹೊರಗಿನ ಬೆಂಚಿನ ಮೇಲೆ ನೀನು ನನ್ನ ಕೈ ಹಿಡಿದುಕೊಂಡು ಹೇಳಿದೆ: “ಅವಳ ಮಿದುಳನ್ನ ನಮ್ಮ ಲ್ಯಾಬಿಗೆ ಕೊಡು ಕಣೇ. ಬಸುರಿಯಾಗಿದ್ದಾಗ ಬಂದ ನನ್ನ ಜ್ವರದಿಂದಲೇ ಮಗಳು ಹೀಗಾದಳೋ ಏನೋ ಅಂತ ಇಷ್ಟು ವರ್ಷ ಒಳಗೊಳಗೇ ಕೊರಗಿದ್ದೀಯಲ್ಲ, ಅದಕ್ಕೊಂದು ಉತ್ತರ ಸಿಗತ್ತೆ.”

ನಾನು ಸಹಿ ಹಾಕಿದೆ. ಉತ್ತರ ಸಿಕ್ಕಿತೇ?

ನಿನ್ನ ತಂಗಿ


ಫೆಬ್ರವರಿ 19

ಪ್ರೀತಿಯ ಪುಟ್ಟಿಗೆ,

ನಿನ್ನ ಕೈಬರಹ ನೋಡಿ ಎಷ್ಟು ವರ್ಷವಾಗಿತ್ತು! ಈಗಲೂ ಸಾಲುಗಳು ಬಲಕ್ಕೆ ಹೋಗುತ್ತ ಹೋಗುತ್ತ ಮೇಲಕ್ಕೆ ಹತ್ತುತ್ತವೆ. ಜಡೆಯ ವಿಷಯ ಮಾತ್ರ ಸುಳ್ಳು, ನೀನೇ ಕತ್ತರಿ ತಂದುಕೊಟ್ಟಿದ್ದೆ.

ನೀನು ಕೇಳಿದ್ದಕ್ಕೆ ಬರುತ್ತೇನೆ. ನಮ್ಮ ಲ್ಯಾಬಿನಲ್ಲಿ ಏನು ನಡೆಯುತ್ತದೆ ಎಂದು ನಿನಗೆ ಸರಿಯಾಗಿ ಯಾವತ್ತೂ ಹೇಳಿಲ್ಲ. ನಿನ್ನ ಕಸುಬಿನಲ್ಲೇ ಹೇಳಿದರೆ ಸುಲಭ. ದೇಹದ ಒಂದೊಂದು ಜೀವಕೋಶದಲ್ಲೂ ಒಂದೇ ಪುಸ್ತಕವಿದೆ ಎಂದುಕೋ. ಪುಸ್ತಕ ಒಂದೇ ಆದರೂ ಯಾವ ಕೋಶ ಯಾವ ಪುಟವನ್ನು ಎಷ್ಟು ಸಲ ನಕಲು ತೆಗೆಯುತ್ತದೆ ಎನ್ನುವುದು ಬೇರೆ ಬೇರೆ. ಕೆಲವು ಪುಟ ಸಾವಿರ ಸಲ, ಕೆಲವನ್ನು ತೆರೆಯುವುದೇ ಇಲ್ಲ. ಪುಟ ಎಂದರೆ ಜೀನ್, ನಕಲು ಎಂದರೆ ಆರ್‌ಎನ್‌ಎ. ಆ ನಕಲುಗಳನ್ನು ಎಣಿಸುವುದೇ ನಮ್ಮ ದಿನದ ಕೆಲಸ.

ಆಟಿಸಂ ಇದ್ದವರು ತೀರಿಕೊಂಡ ಮೇಲೆ ಅವರ ಮಿದುಳಿನ ತುಣುಕುಗಳಲ್ಲಿ ಎಣಿಸಿ ನೋಡಿದಾಗ, ಸೋಂಕಿನ ವಿರುದ್ಧ ಹೋರಾಡಲಿಕ್ಕೆಂದು ಇರುವ ಜೀನ್‌ಗಳ ನಕಲು ಬೇರೆಯವರಿಗಿಂತ ಹೆಚ್ಚಿರುವುದು ಸಾಮಾನ್ಯವಾಗಿ ಕಾಣಿಸಿದೆ. ಮಿದುಳಿಗೂ ತನ್ನದೇ ಕಾವಲು ಕೋಶಗಳಿವೆ. ಅವು ಎಂದೋ ಏನೋ ಗದ್ದಲ ಕೇಳಿ ಎದ್ದು ನಿಂತು, ಮತ್ತೆ ಮಲಗಲೇ ಇಲ್ಲವೇನೋ ಎನ್ನುವಂತೆ. ಅದಕ್ಕೇ ತಾಯಿಯ ಜ್ವರದ ಪ್ರಶ್ನೆಗೂ ಇದಕ್ಕೂ ಸಂಬಂಧವಿದೆ.

ಇಂಥ ಕೆಲಸಕ್ಕೆ ಕಾಲ ಹಿಡಿಯುತ್ತದೆ. ಎಷ್ಟೋ ಮಾದರಿಗಳು ಒಟ್ಟಾಗಬೇಕು, ಸಾಲಿನಲ್ಲಿ ಕಾಯಬೇಕು. ನೀನು ತಲೆ ಕೆಡಿಸಿಕೊಳ್ಳಬೇಡ. ಹೊತ್ತುಹೊತ್ತಿಗೆ ಊಟ ಮಾಡು. ಬೈಂಡರ್ ಸಾಹೇಬರನ್ನೂ ಆ ಮಿಷನ್ ಹತ್ತಿರದಿಂದ ಎಬ್ಬಿಸಿ ಉಣ್ಣಿಸು.

ನಿನ್ನ ಅಕ್ಕ


ಮಾರ್ಚ್ 8

ಅಕ್ಕನಿಗೆ,

ಮೂರು ಸಲ ಓದಿದೆ. ಚೆನ್ನಾಗಿ ಬರೆದಿದ್ದೀಯ, ಶಾಲೆಯ ಮಕ್ಕಳಿಗೆ ಓದಿ ಹೇಳಬಹುದು. ಪುಸ್ತಕದ ಹೋಲಿಕೆ ಬಂದಾಗ ಮಾತ್ರ ನನಗೆ ಸಿಟ್ಟು ಬಂತು. ನನ್ನ ಕಸುಬು ನನಗಿರಲಿ ಬಿಡು. ಇನ್ನೊಂದು, ಎರಡು ಹಾಳೆಯ ಕಾಗದದಲ್ಲಿ ‘ಗುನ್ನಿ’ ಎಂಬ ಮಾತು ಒಂದು ಸಲವೂ ಇಲ್ಲ. ‘ಮಾದರಿ’ ಇದೆ.

ಜ್ವರದ ವಿಷಯ ನಿನಗೆ ಗೊತ್ತಿದೆ ಎಂದು ನೀನು ತಿಳಿದಿದ್ದೀಯ. ಪೂರ್ತಿ ಗೊತ್ತಿಲ್ಲ. ನಾನು ಯಾರಿಗೂ ಪೂರ್ತಿ ಹೇಳಿಲ್ಲ, ಇವರಿಗೂ.

ಐದನೇ ತಿಂಗಳು. ನಾಲ್ಕು ದಿನ ನೂರಮೂರು ಡಿಗ್ರಿ. ಡಾಕ್ಟರು ಮಾತ್ರೆ ಕೊಟ್ಟಿದ್ದರು. ಬಸುರಿಯರು ಮಾತ್ರೆ ನುಂಗಬಾರದು ಎಂದು ಪಕ್ಕದ ಮನೆಯವರು ಯಾರೋ ಹೇಳಿದ್ದು ತಲೆಯಲ್ಲಿ ಕೂತಿತ್ತು. ಅತ್ತೆ ನೀರು ತಂದುಕೊಟ್ಟು ಆಚೆ ತಿರುಗಿದ ಕೂಡಲೇ ಮಾತ್ರೆಯನ್ನು ದಿಂಬಿನ ಚೀಲದೊಳಗೆ ತುರುಕಿಬಿಡುತ್ತಿದ್ದೆ. ಒಳಗೆ ಮಗು ಒದೆಯುವುದು ನಿಂತಿದೆ ಅನ್ನಿಸುತ್ತಿತ್ತು. ಹೊಟ್ಟೆಯ ಮೇಲೆ ಕೈ ಇಟ್ಟರೆ ಕಾದ ಪಾತ್ರೆ ಮುಟ್ಟಿದ ಹಾಗೆ. ಐದನೆಯ ದಿನ ತಾನಾಗಿಯೇ ಇಳಿಯಿತು. ದಿಂಬಿನ ಚೀಲ ಒಗೆಯಲು ಹಾಕಿದಾಗ ಮಾತ್ರೆಗಳೆಲ್ಲ ಅತ್ತೆಯ ಕೈಗೆ ಸಿಕ್ಕವು. ಅವತ್ತು ಅವರು ಏನೂ ಅನ್ನಲಿಲ್ಲ.

ಅಂದದ್ದು ಮೂರು ವರ್ಷದ ಮೇಲೆ. ಗುನ್ನಿ ಕರೆದರೆ ತಿರುಗುವುದಿಲ್ಲ, ಅಪ್ಪುವುದಿಲ್ಲ, ಫ್ಯಾನಿನ ಕೆಳಗೆ ನಿಂತು ಗುನುಗುತ್ತಾಳೆ ಎಂದು ನಾವು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು, ಒಬ್ಬ ಡಾಕ್ಟರು ಕೊನೆಗೆ ‘ಆಟಿಸಂ’ ಎಂದು ಚೀಟಿಯಲ್ಲಿ ಬರೆದುಕೊಟ್ಟ ದಿನ. ಅತ್ತೆ ಚೀಟಿ ನೋಡಲೂ ಇಲ್ಲ. “ಆವತ್ತು ಸುಮ್ನೆ ಮಾತ್ರೆ ನುಂಗಿದ್ರೆ ಆಗ್ತಿತ್ತು,” ಎಂದರು. ಅಷ್ಟೇ. ಅವರು ಸಾಯುವವರೆಗೂ ಮತ್ತೊಮ್ಮೆ ಆ ಮಾತು ಎತ್ತಲಿಲ್ಲ. ಎತ್ತುವ ಅಗತ್ಯವೇ ಇರಲಿಲ್ಲ.

ಅದಕ್ಕೇ ನಾನು ಕೇಳುತ್ತಿರುವುದು. ಕಾವಲು ಕೋಶ, ಗದ್ದಲ ಎಲ್ಲ ಬೇಡ. ಹೌದೋ ಅಲ್ಲವೋ? ಹೌದು ಎಂದರೆ ತಡೆದುಕೊಳ್ಳುತ್ತೇನೆ. ಇಷ್ಟು ದಿನ ‘ಹೌದು’ ಎಂದುಕೊಂಡೇ ತಾನೇ ಬದುಕಿದ್ದು.

ನಿನ್ನ ತಂಗಿ


ಮಾರ್ಚ್ 30

ಪುಟ್ಟಿಗೆ,

ಮಾತ್ರೆಯ ವಿಷಯ ನನಗೆ ನಿಜಕ್ಕೂ ಗೊತ್ತಿರಲಿಲ್ಲ.

ಇಲ್ಲಿ ತಪಾಸಣೆಯವರು ಬಂದು ಕೂತಿದ್ದಾರೆ. ಎಂಟು ಫ್ರೀಜರಿನ ಪಟ್ಟಿಯನ್ನೂ ಒಂದೊಂದಾಗಿ ತಾಳೆ ನೋಡಬೇಕು. ಮೈನಸ್ ಎಂಬತ್ತು ಡಿಗ್ರಿಯ ಪೆಟ್ಟಿಗೆಗಳು, ದಪ್ಪ ಕೈಗವಸು ಹಾಕಿದ್ದರೂ ಬೆರಳು ಮರಗಟ್ಟುತ್ತವೆ. ಒಂದೆರಡು ವಾರ ಬಿಟ್ಟು ನಿಧಾನವಾಗಿ ಬರೆಯುತ್ತೇನೆ. ಅಲ್ಲಿಯವರೆಗೆ ಇಷ್ಟು ಮಾತ್ರ: ನೀನು ಯಾವ ತಪ್ಪನ್ನೂ ಮಾಡಿಲ್ಲ.

ನಿನ್ನ ಅಕ್ಕ


ಏಪ್ರಿಲ್ 22

ಅಕ್ಕನಿಗೆ,

ಒಂದೆರಡು ವಾರ ಎಂದಿದ್ದೆ. ಮೂರಾದವು.

ಮೊನ್ನೆ ಆಸ್ಪತ್ರೆಗೆ ಹೋಗಿದ್ದೆ. ಗುನ್ನಿಯ ಚಪ್ಪಲಿ, ಸದ್ದು ಕೇಳಬಾರದೆಂದು ಕಿವಿಗೆ ಹಾಕಿಕೊಳ್ಳುತ್ತಿದ್ದ ಆ ನೀಲಿ ಮುಚ್ಚಳ, ಎರಡೂ ಅಲ್ಲೇ ಉಳಿದಿದ್ದವು. ಬಂದು ತೆಗೆದುಕೊಂಡು ಹೋಗಿ ಎಂದು ಎರಡು ಸಲ ಹೇಳಿಕಳಿಸಿದ್ದರು. ಕೊಟ್ಟವರು ಆ ಕುಳ್ಳಗಿನ ನರ್ಸ್, ಗುನ್ನಿಯ ಕೂದಲು ಬಾಚುತ್ತಿದ್ದರಲ್ಲ, ಅವರೇ. ನನ್ನನ್ನು ಕೂರಿಸಿ ಟೀ ಕೊಟ್ಟರು. ಒಳ್ಳೆಯ ಹೆಂಗಸು. ನಿನ್ನನ್ನು ಹೊಗಳಲಿಕ್ಕೆಂದೇ ಹೇಳಿದರು:

“ನಿಮ್ಮ ಅಕ್ಕ ಎಷ್ಟು ಮುತುವರ್ಜಿ ತಗೊಂಡ್ರು ಅಮ್ಮಾ! ಮೂರನೇ ದಿನಾನೇ ಫೋನ್ ಮಾಡಿ, ವ್ಯಾನು, ಐಸು, ಎಲ್ಲ ರೆಡಿ ಇಟ್ಕೊಳ್ಳಿ ಅಂದಿದ್ರು. ಇಲ್ಲಾಂದ್ರೆ ಅಷ್ಟು ಬೇಗ ಒಯ್ಯೋಕೆ ಆಗ್ತಾನೇ ಇರ್ಲಿಲ್ಲ.”

ಟೀ ಅಲ್ಲೇ ಬಿಟ್ಟು ಎದ್ದು ಬಂದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಬೆರಳು ಮಡಿಸಿ ದಿನ ಎಣಿಸಿದೆ. ಸರಿಯಾಗಿ ಎಣಿಸಿದ್ದೇನೋ ಇಲ್ಲವೋ ನೀನೇ ನೋಡು.

ಮೂರನೆಯ ದಿನ ಬೆಳಿಗ್ಗೆ ಡಾಕ್ಟರುಗಳು, ಎಚ್ಚರ ಬರುವ ಲಕ್ಷಣ ಇಲ್ಲ, ಇನ್ನೂ ನೋಡೋಣ ಎಂದರು. ಅದೇ ದಿನ ನೀನು ವ್ಯಾನಿಗೆ ಫೋನ್ ಮಾಡಿದೆ. ನಾಲ್ಕನೆಯ ದಿನ ಬೆಂಚಿನ ಮೇಲೆ ನನ್ನ ಪಕ್ಕ ಕೂತು, “ಇನ್ನು ಎಳೀಬೇಡ ಕಣೇ, ಅವಳಿಗೆ ಹಿಂಸೆ,” ಎಂದೆ. ನಾನು ನಿನ್ನ ಮುಖ ನೋಡಿದೆ. ಅಮ್ಮ ಹೋದಾಗ ನನ್ನನ್ನು ಸಂತೈಸಿದ ಅದೇ ಮುಖ. ‘ಹ್ಞೂಂ’ ಎಂದೆ. ಆಮೇಲೆ ನೀನು ಫಾರಂ ತೆಗೆದೆ. ಅದು ನಿನ್ನ ಕೈಚೀಲದಲ್ಲೇ ಇತ್ತು. ಐದನೆಯ ದಿನ ಬೆಳಿಗ್ಗೆ ಹತ್ತೂವರೆಗೆ ಯಂತ್ರ ತೆಗೆದರು.

ಹೇಳು. ಹಿಂಸೆ ಎಂದೆಯಲ್ಲ, ಅದು ಅವಳಿಗೋ, ನಿನ್ನ ಐಸ್ ಪೆಟ್ಟಿಗೆಗೋ?

ಇನ್ನೊಂದೆರಡು ದಿನ ಬಿಟ್ಟಿದ್ದರೆ ಅವಳು ಏಳುತ್ತಿದ್ದಳು ಎಂದು ನಾನು ಹೇಳುತ್ತಿಲ್ಲ. ನಾನು ಅಷ್ಟು ದಡ್ಡಿಯಲ್ಲ. ಆದರೆ ಆ ಒಂದೆರಡು ದಿನ ನನ್ನವು. ಅವಳ ಕೈ ಬೆಚ್ಚಗಿತ್ತು. ಹುಟ್ಟಿದಾಗಿನಿಂದ ಅವಳು ನನಗೆ ಕೈ ಹಿಡಿಯಲು ಬಿಟ್ಟದ್ದು ಆ ಐದು ದಿನ ಮಾತ್ರ.

ತಂಗಿ


ಮೇ 6

ಪುಟ್ಟಿಗೆ,

ನಾಲ್ಕು ಸಲ ಬರೆದು ಹರಿದೆ. ಈ ಸಲ ಹರಿಯುವುದಿಲ್ಲ.

ನೀನು ಎಣಿಸಿದ್ದು ಸರಿ. ಮೂರನೆಯ ದಿನ ಮಧ್ಯಾಹ್ನ ನಾನು ಫೋನ್ ಮಾಡಿದೆ. ಫಾರಂ ಅಂದು ಬೆಳಿಗ್ಗೆಯಿಂದಲೇ ಚೀಲದಲ್ಲಿತ್ತು. ಹದಿನೇಳು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಬೇರೆ ಬೇರೆ ಮನೆಯವರ ಎದುರು ಇಂಥದೇ ಬೆಂಚುಗಳ ಮೇಲೆ ಕೂತು, ಇಂಥದೇ ದನಿಯಲ್ಲಿ ಮಾತಾಡಿದ್ದೇನೆ. ದೇಹ ಹೆಣಗಾಡಿದಷ್ಟೂ ಮಿದುಳಿನಲ್ಲಿರುವ ಆ ನಕಲುಗಳು ಹರಿದು ಚೂರಾಗುತ್ತ ಹೋಗುತ್ತವೆ. ದಿನ ಕಳೆದಂತೆ ಎಣಿಸಲು ಏನೂ ಉಳಿಯುವುದಿಲ್ಲ. ಇದು ನನಗೆ ಗೊತ್ತಿತ್ತು. ಗುನ್ನಿಯ ಎದೆ ಯಂತ್ರದ ಲೆಕ್ಕಕ್ಕೆ ಏರುವುದು ಇಳಿಯುವುದು ನೋಡುತ್ತ ನಿಂತಾಗ ನನ್ನ ತಲೆಯಲ್ಲಿ ಎರಡು ಮಾತು ಬಂದವು. ಈ ಹಿಂಸೆ ಸಾಕು. ತಡವಾದರೆ ಹಾಳಾಗುತ್ತದೆ. ಯಾವುದು ಮೊದಲು ಬಂತು ಎಂದು ಆರು ತಿಂಗಳಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ಎರಡೂ ಒಂದೇ ಉಸಿರಿನಲ್ಲಿ ಬಂದವು ಪುಟ್ಟಿ. ಬೇರೆ ಮಾಡಿ ತೋರಿಸು ಎಂದರೆ ನನ್ನಿಂದ ಆಗುವುದಿಲ್ಲ. ನಿನ್ನ ಮುಂದೆ ಒಂದನ್ನು ಮಾತ್ರ ಆಡಿದೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ.

ಜ್ವರದ ಪ್ರಶ್ನೆಗೆ ಉತ್ತರ ಸಿಗುತ್ತದೆ ಎಂದು ನಾನು ಹೇಳಿದೆ. ಸಿಗುವುದಿಲ್ಲ ಎಂದು ನನಗೆ ಆಗಲೇ ಗೊತ್ತಿತ್ತು. ನಾವು ಎಣಿಸುವುದು ಹತ್ತಾರು ಜನರ ಮಿದುಳುಗಳನ್ನು ಒಂದು ಕಡೆ, ಬೇರೆ ಹತ್ತಾರು ಜನರದನ್ನು ಇನ್ನೊಂದು ಕಡೆ ಇಟ್ಟು. ಎರಡು ಗುಂಪಿನ ನಡುವೆ ವ್ಯತ್ಯಾಸ ಕಾಣುತ್ತದೆ. ಆದರೆ ಆಟಿಸಂ ಇದ್ದೂ ಈ ಜೀನ್‌ಗಳೆಲ್ಲ ತಣ್ಣಗಿರುವವರಿದ್ದಾರೆ, ಆಟಿಸಂ ಇಲ್ಲದೆಯೂ ಜೋರಾಗಿರುವವರಿದ್ದಾರೆ. ಜೋರಾಗಿದ್ದರೂ ಅದು ಕಾರಣವೋ, ಬೇರೆ ಯಾವುದರದೋ ಪರಿಣಾಮವೋ, ವರ್ಷಗಟ್ಟಲೆ ಬಂದ ಫಿಟ್ಸ್‌ನಿಂದಲೋ ಹೇಳಲಾಗುವುದಿಲ್ಲ. ಇಪ್ಪತ್ತಮೂರು ವರ್ಷದ ಹಿಂದಿನ ನಾಲ್ಕು ದಿನದ ಜ್ವರವನ್ನು ಒಬ್ಬ ಹುಡುಗಿಯ ಮಿದುಳಿನಲ್ಲಿ ಓದುವ ಯಂತ್ರ ನಮ್ಮಲ್ಲಿ ಇಲ್ಲ, ಎಲ್ಲೂ ಇಲ್ಲ. ಬಸುರಿನಲ್ಲಿ ಜ್ವರ ಬಂದ ತಾಯಂದಿರಲ್ಲಿ ಬಹುಪಾಲು ಜನರ ಮಕ್ಕಳಿಗೆ ಏನೂ ಆಗಿರುವುದಿಲ್ಲ. ಜ್ವರವೇ ಬರದ ಎಷ್ಟೋ ತಾಯಂದಿರ ಮಕ್ಕಳು ಗುನ್ನಿಯಂತೆ ಇದ್ದಾರೆ. ನಿನ್ನ ವಿಷಯದಲ್ಲಿ ಹೌದೋ ಅಲ್ಲವೋ, ನನಗೆ ಗೊತ್ತಿಲ್ಲ. ಯಾವತ್ತೂ ಗೊತ್ತಾಗುವುದಿಲ್ಲ.

ಹಾಗಿದ್ದೂ ಹಾಗೆ ಯಾಕೆ ಹೇಳಿದೆ? ನೀನು ಬೇಡ ಎನ್ನುತ್ತೀಯ ಎಂಬ ಭಯಕ್ಕೆ. ನಿನಗೆ ಎಲ್ಲಿ ನೋವಿದೆ ಎಂದು ನನ್ನಷ್ಟು ಚೆನ್ನಾಗಿ ಗೊತ್ತಿರುವವರು ಯಾರಿದ್ದಾರೆ? ಅಲ್ಲೇ ಕೈ ಇಟ್ಟೆ.

ಇನ್ನೂ ಒಂದನ್ನು ಹೇಳಿ ಮುಗಿಸುತ್ತೇನೆ. ಬಂದ ಪ್ರತಿ ಮಿದುಳಿನಲ್ಲೂ ನಕಲುಗಳು ಎಷ್ಟು ಹಾಳಾಗದೆ ಉಳಿದಿವೆ ಎಂದು ಮೊದಲು ಪರೀಕ್ಷಿಸುತ್ತಾರೆ. ಹತ್ತಕ್ಕೆ ಇಷ್ಟು ಎಂದು ಅಂಕ ಬರುತ್ತದೆ. ಆರು ದಾಟಿದರೆ ನಮ್ಮಲ್ಲಿ ತೆಗೆದುಕೊಳ್ಳುತ್ತಾರೆ. ಗುನ್ನಿಯದಕ್ಕೆ ಎರಡೂವರೆ ಬಂತು. ಡಿಸೆಂಬರ್ ಮೊದಲ ವಾರದಲ್ಲೇ ಪಟ್ಟಿಯಿಂದ ಕೈಬಿಟ್ಟರು. ಮೊದಲ ದಿನದ ಆ ಎರಡು ಗಂಟೆಯ ಫಿಟ್ಸ್, ಆಮೇಲೆ ಅವಳಿಗೆ ಏರಿದ ಜ್ವರ, ಅದರಲ್ಲೇ ಎಲ್ಲ ಹೋಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಹೋಗಿತ್ತು. ನಾಲ್ಕನೆಯ ದಿನವೇ ತೆಗೆದಿದ್ದರೂ ಅಷ್ಟೇ, ಹತ್ತನೆಯ ದಿನ ತೆಗೆದಿದ್ದರೂ ಅಷ್ಟೇ. ನನ್ನ ಅವಸರದಿಂದ ಯಾರಿಗೂ ಏನೂ ಉಪಯೋಗ ಆಗಲಿಲ್ಲ. ನಿನ್ನ ಒಂದೆರಡು ದಿನ ಹೋಯಿತು, ಅಷ್ಟೇ. ‘ಸಾಲಿನಲ್ಲಿ ಕಾಯಬೇಕು’ ಎಂದು ಫೆಬ್ರವರಿಯಲ್ಲಿ ನಿನಗೆ ಬರೆದಾಗ ಇದೆಲ್ಲ ನನಗೆ ತಿಳಿದಿತ್ತು.

ನಿನ್ನೆ ಲ್ಯಾಬಿನ ಮುಖ್ಯಸ್ಥರ ಕೊಠಡಿಗೆ ಹೋಗಿ ಎಲ್ಲ ಹೇಳಿದೆ. ಸ್ವಂತ ತಂಗಿಯಿಂದ, ಸುಳ್ಳು ಭರವಸೆ ಕೊಟ್ಟು ಒಪ್ಪಿಗೆ ತೆಗೆದುಕೊಂಡೆ ಎಂದು ಬರೆದುಕೊಟ್ಟೆ. ಅವರು ಬಹಳ ಹೊತ್ತು ಕನ್ನಡಕ ಒರೆಸಿಕೊಂಡರು. “ಇದನ್ನ ಕಮಿಟಿ ಮುಂದೆ ಇಡ್ಲೇಬೇಕಾಗತ್ತೆ. ಗೊತ್ತು ತಾನೆ ನಿಮಗೆ?” ಎಂದರು. ಗೊತ್ತು ಎಂದೆ.

ಕ್ಷಮಿಸು ಎಂದು ಬರೆಯಲು ಹೋಗಿ ನಾಲ್ಕು ಸಲವೂ ಅಲ್ಲೇ ಹರಿದದ್ದು. ಅದಕ್ಕೇ ಬರೆಯುತ್ತಿಲ್ಲ.

ಅಕ್ಕ


ಜೂನ್ 14

ಅತ್ತಿಗೆಯವರಿಗೆ ನಮಸ್ಕಾರ,

ಅವಳು ಬರೆಯುತ್ತಿಲ್ಲ. ಅದಕ್ಕೆ ನಾನು ಬರೆಯುತ್ತಿದ್ದೇನೆ. ಬೇರೆಯವರು ಬರೆದದ್ದಕ್ಕೆ ರಟ್ಟು ಹಾಕುವವನು ನಾನು, ನನ್ನ ಬರವಣಿಗೆಯ ತಪ್ಪು ಒಪ್ಪು ಹೊಟ್ಟೆಗೆ ಹಾಕಿಕೊಳ್ಳಿ.

ನಿಮ್ಮ ಮೇ ತಿಂಗಳ ಕಾಗದ ಬಂದ ದಿನ ಅವಳು ಅದನ್ನು ಓದಿ ನನ್ನ ಕೈಗೆ ಕೊಟ್ಟು, ಗೋಂದಿನ ಪಾತ್ರೆ ತಿಕ್ಕಲು ಕೂತಳು. ತಿಕ್ಕಿದ್ದನ್ನೇ ತಿಕ್ಕಿದಳು. ಒಂದು ವಾರ ಹೀಗೇ. ಇಟ್ಟದ್ದು ಉಂಡರೆ ಉಂಡಳು, ಇಲ್ಲದಿದ್ದರೆ ಇಲ್ಲ. ಆಮೇಲೆ ನಿಮ್ಮನ್ನು ಬಯ್ಯಲು ಶುರುಮಾಡಿದಳು. ಬಯ್ಯಲಿ ಎಂದು ನಾನೂ ಬಿಟ್ಟೆ. ಬಯ್ಯುವಾಗಲಾದರೂ ಅವಳ ಮುಖಕ್ಕೆ ಒಂದಿಷ್ಟು ಬಣ್ಣ ಬರುತ್ತಿತ್ತು.

ಆದರೆ ಅವಳ ಬಯ್ಗುಳ ಕೇಳುತ್ತ ಸುಮ್ಮನೆ ಕೂರುವುದು ನನ್ನಿಂದ ಆಗದೆ ಹೋಯಿತು. ಯಾಕೆಂದರೆ ಮೂರನೆಯ ದಿನ ಬೆಳಿಗ್ಗೆ ಡಾಕ್ಟರು ನಿಮ್ಮಿಬ್ಬರಿಗೂ ‘ನೋಡೋಣ’ ಎಂದು ಹೇಳಿಹೋದ ಮೇಲೆ, ನನ್ನೊಬ್ಬನನ್ನೇ ಒಳಗೆ ಕರೆದರು. “ಮಗು ವಾಪಸ್ ಬರಲ್ಲ. ಯಂತ್ರ ಯಾವಾಗ ತೆಗೆಯೋದು ಅಂತ ನೀವು ಹೇಳಬೇಕು,” ಎಂದರು. ನಾನು ಅಲ್ಲೇ, ನಿಂತ ನಿಲುವಿನಲ್ಲೇ, “ಆಗಲಿ ತೆಗೀರಿ ಸಾರ್,” ಎಂದೆ. ಹೆಂಡತಿಯನ್ನು ಒಂದು ಮಾತು ಕೇಳಲಿಲ್ಲ. ಆಚೆ ಬಂದು ಅವಳ ಮುಖ ನೋಡಿದ ಮೇಲೆ ಹೇಳಲು ನಾಲಿಗೆ ಏಳಲಿಲ್ಲ. ಡಾಕ್ಟರ ಹತ್ತಿರ ಹೋಗಿ ಒಂದು ದಿನ ತಡೆಯಿರಿ ಎಂದೆ. ನೀವಾಗಿ ಅವಳಿಗೆ ಹೇಳುತ್ತೀರಿ ಎಂದು ನನಗೆ ಗೊತ್ತಿತ್ತು. ನೀವು ಹೇಳುವವರೆಗೆ ಟೀ ಅಂಗಡಿಯ ಹತ್ತಿರ ನಿಂತಿದ್ದೆ. ನೀವು ಹೇಳಿದಿರಿ. ಅಪವಾದ ನಿಮ್ಮ ತಲೆಗೆ ಬಂತು. ನಾನು ಏಳು ತಿಂಗಳು ಬಾಯಿಗೆ ಬೀಗ ಹಾಕಿಕೊಂಡಿದ್ದೆ.

ನಿನ್ನೆ ಅವಳಿಗೆ ಹೇಳಿದೆ. ಕೈಯಲ್ಲಿದ್ದ ರಟ್ಟನ್ನು ಕೆಳಗಿಟ್ಟು ಒಳಗೆ ಹೋದಳು. ಬಾಗಿಲು ಹಾಕಿಕೊಳ್ಳಲಿಲ್ಲ, ಅದೊಂದು ಸಮಾಧಾನ.

ನಿಮ್ಮ ತಪ್ಪು ತಪ್ಪೇ, ಅದನ್ನು ನಾನು ಅಳಿಸಲು ಬಂದಿಲ್ಲ. ಜ್ವರದ ಪ್ರಶ್ನೆಗೆ ಉತ್ತರ ಸಿಗುತ್ತದೆಂದು ಆಸೆ ತೋರಿಸಿದ್ದಕ್ಕೆ ನನಗೂ ನಿಮ್ಮ ಮೇಲೆ ಸಿಟ್ಟಿದೆ. ಆದರೆ ಯಂತ್ರ ತೆಗೆಸಿದವಳು ನಾನು ಎಂದು ನೀವು ಹೊತ್ತುಕೊಂಡು ತಿರುಗಬೇಡಿ. ತೆಗೆಸಿದವನು ಗುನ್ನಿಯ ಅಪ್ಪ. ಅದು ನನ್ನದು. ಅದನ್ನು ನೀವು ತೆಗೆದುಕೊಂಡರೆ ನನಗೆ ಅವಳಿಗಾಗಿ ಮಾಡಿದ್ದು ಅಂತ ಏನೂ ಉಳಿಯುವುದಿಲ್ಲ.

ಇಂತಿ,
ಗುನ್ನಿಯ ತಂದೆ


ಜೂನ್ 29

ಪುಟ್ಟಿಗೆ,

ಈ ಕಾಗದಕ್ಕೆ ಉತ್ತರ ಬೇಕಿಲ್ಲ. ತಿಳಿಸಬೇಕಾದದ್ದನ್ನು ತಿಳಿಸುತ್ತೇನೆ.

ಕಮಿಟಿ ಕೂತು ತೀರ್ಮಾನ ಮಾಡಿದೆ. ನಾನು ತೆಗೆದುಕೊಂಡ ಒಪ್ಪಿಗೆ ಒಪ್ಪಿಗೆಯಲ್ಲ ಎಂದು ಹೊಡೆದುಹಾಕಿದ್ದಾರೆ. ನಿಮ್ಮಿಬ್ಬರಿಗೂ ಕಚೇರಿಯಿಂದ ಪತ್ರ ಬರುತ್ತದೆ. ಗುನ್ನಿಯ ಮಿದುಳಿನ ಎಡ ಅರ್ಧ ಫ್ರೀಜರಿನಲ್ಲಿದೆ, ನಾನು ಹೇಳಿದೆನಲ್ಲ, ಅದು ಎಣಿಕೆಗೆ ಬರುವುದಿಲ್ಲ. ಬಲ ಅರ್ಧ ಕೆಡದಂತೆ ಇಡುವ ಫಾರ್ಮಲಿನ್ ದ್ರವದಲ್ಲಿದೆ. ಅದು ಚೆನ್ನಾಗಿದೆ, ಕೋಶಗಳ ಆಕಾರ ನೋಡುವವರಿಗೆ ಉಪಯೋಗಕ್ಕೆ ಬರಬಹುದು. ಎರಡನ್ನೂ ವಾಪಸ್ ತೆಗೆದುಕೊಳ್ಳಬಹುದು, ಒಂದನ್ನು ಬಿಡಬಹುದು, ಎರಡನ್ನೂ ಬಿಡಬಹುದು. ಅದರ ಬಗ್ಗೆ ನನ್ನ ಅಭಿಪ್ರಾಯ ಕೇಳಬೇಡ. ನನ್ನ ಮಾತಿಗೆ ‘ಹ್ಞೂಂ’ ಎನ್ನುವುದು ನಿನ್ನ ಅಭ್ಯಾಸ ಎಂದು ನೀನೇ ಬರೆದಿದ್ದೆ.

ಮನೆಯವರ ಜೊತೆ ಮಾತಾಡುವ ಕೆಲಸದಿಂದ ನನ್ನನ್ನು ತೆಗೆದಿದ್ದಾರೆ. ಈಗ ನೆಲಮಾಳಿಗೆಯಲ್ಲಿ ಗಾಜಿನ ಪಟ್ಟಿಗಳಿಗೆ ಚೀಟಿ ಅಂಟಿಸುತ್ತೇನೆ. ಸರಿಯಾಗೇ ಇದೆ.

ನಿನ್ನ ಗಂಡನ ಕಾಗದ ತಲುಪಿತು.

ಅಕ್ಕ


ಜುಲೈ 27

ಅಕ್ಕ,

ಮೊನ್ನೆ ನಾವಿಬ್ಬರೂ ನಿಮ್ಮ ಕಚೇರಿಗೆ ಹೋಗಿದ್ದೆವು. ನೀನು ಕೆಳಗೆ ನೆಲಮಾಳಿಗೆಯಲ್ಲಿದ್ದೆ ಎಂದು ಗೊತ್ತಿತ್ತು. ಮೆಟ್ಟಿಲಿನ ಹತ್ತಿರ ಇವರು ಒಂದು ಕ್ಷಣ ನಿಂತರು. ನಾನು ನಿಲ್ಲಲಿಲ್ಲ.

ನಿನ್ನ ಜಾಗಕ್ಕೆ ಬಂದವರು ವಯಸ್ಸಾದ ಹೆಂಗಸು, ಕನ್ನಡಕವನ್ನು ದಾರದಲ್ಲಿ ಕತ್ತಿಗೆ ನೇತುಹಾಕಿಕೊಂಡಿರುತ್ತಾರೆ. ಮಾತು ನಿನ್ನಷ್ಟು ಸಲೀಸಿಲ್ಲ. ತೊದಲುತ್ತಾರೆ. ಹೊಸ ಫಾರಂ ತೆಗೆದು ಒಂದೊಂದೇ ಸಾಲು ಬೆರಳಿಟ್ಟು ಓದಿದರು.

“ಇದರಿಂದ ನಿಮ್ಮ ಮಗಳ ಬಗ್ಗೆ ನಿಮಗೆ ಏನೂ ಗೊತ್ತಾಗದೇ ಇರಬಹುದು. ಅರ್ಥ ಆಯ್ತಾ ಅಮ್ಮಾ?”

“ಬೇರೆ ಯಾರಿಗಾದ್ರೂ ಗೊತ್ತಾಗತ್ತಾ?” ಎಂದೆ.

“ಅದನ್ನೂ ಹೇಳೋಕಾಗಲ್ಲ. ಆಗಬಹುದು. ಆಗದೇನೂ ಇರಬಹುದು.”

“ನಂಗೆ ಐದನೇ ತಿಂಗಳಲ್ಲಿ ಜ್ವರ ಬಂದಿತ್ತು. ಅದರಿಂದಾನಾ?”

ಅವರು ಕನ್ನಡಕ ತೆಗೆದರು. ನನ್ನ ಕೈ ಹಿಡಿದುಕೊಳ್ಳಲಿಲ್ಲ, ಸದ್ಯ. “ನಂಗೆ ಗೊತ್ತಿಲ್ಲಮ್ಮ,” ಎಂದರು. “ಗೊತ್ತಿದೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ.”

ನೀನು ಕಾಗದದಲ್ಲಿ ಬರೆದದ್ದೂ ಅದೇ. ಆದರೆ ನಿನ್ನ ಕಾಗದ ಓದಿದಾಗ ನನಗೆ ಉರಿ ಹತ್ತಿತ್ತು. ಅಲ್ಲಿ ಆ ಅಪರಿಚಿತ ಹೆಂಗಸಿನ ಬಾಯಲ್ಲಿ ಕೇಳಿದಾಗ ಒಳಗೆ ಏನೋ ಸಡಿಲವಾಯಿತು. ಕುರ್ಚಿಗೆ ಒರಗಿ ಕೂತೆ. ಇವರು ನೀರು ತಂದರು.

ಫಾರಮಿನ ಎರಡನೆಯ ಪುಟದಲ್ಲಿ ಒಂದು ಪ್ರಶ್ನೆಯಿದೆ. ಬಸುರಿಯಾಗಿದ್ದಾಗ ತಾಯಿಗೆ ಜ್ವರ ಬಂದಿತ್ತೇ, ಎಷ್ಟು ದಿನ, ಯಾವ ತಿಂಗಳು, ಔಷಧಿ ತೆಗೆದುಕೊಂಡರೇ? ಹಳೆಯ ಫಾರಂ ಜೊತೆಯಲ್ಲೇ ಲಗತ್ತಿಸಿದ್ದರು. ಅದರಲ್ಲಿ ನಿನ್ನ ಕೈಬರಹದಲ್ಲಿ ಉಳಿದದ್ದೆಲ್ಲ ತುಂಬಿದೆ, ಆ ಜಾಗ ಮಾತ್ರ ಖಾಲಿ. ನನ್ನನ್ನು ಉಳಿಸಲಿಕ್ಕೆ ಬಿಟ್ಟೆಯೋ, ಕೇಳಿದರೆ ನಾನು ಎದ್ದು ಹೋಗುತ್ತೇನೆ ಎಂದು ಬಿಟ್ಟೆಯೋ, ಈಗ ಅದು ಬೇಡ. ಪೆನ್ನು ಇಸಿದುಕೊಂಡು ನಾನೇ ಬರೆದೆ. ‘ಹೌದು. ನಾಲ್ಕು ದಿನ. ಐದನೆಯದು. ಇಲ್ಲ.’ ಇವರು ಪಕ್ಕದಲ್ಲೇ ಕೂತು ಓದಿದರು. ಮಾತ್ರೆಯ ವಿಷಯ ಇವರಿಗೆ ತಿಳಿದದ್ದು ಹಾಗೆ. ತಮ್ಮ ಸಹಿ ಎಲ್ಲಿ ಹಾಕಬೇಕೆಂದು ಆ ಹೆಂಗಸನ್ನು ಕೇಳಿದರು. ಇಷ್ಟು ವರ್ಷ ಹೊತ್ತದ್ದು ಅರ್ಧ ಸಾಲಿನಲ್ಲಿ ಮುಗಿದುಹೋಯಿತಲ್ಲ ಎಂದು ನನಗೆ ಅಳುವೇ ಬಂತು.

ಬಲ ಅರ್ಧವನ್ನು ಬಿಟ್ಟು ಬಂದಿದ್ದೇವೆ. ನಿನಗೋಸ್ಕರ ಅಲ್ಲ. ಉತ್ತರ ಸಿಗುತ್ತದೆ ಎಂದೂ ಅಲ್ಲ. ನಮ್ಮ ಹಾಗೆ ಎಲ್ಲೋ ಒಬ್ಬಳು ಚೀಟಿ ಹಿಡಿದುಕೊಂಡು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುತ್ತಿರುತ್ತಾಳೆ. ಅವಳ ಅತ್ತೆಗೆ ಹೇಳಲಿಕ್ಕೆ ಯಾರಿಗಾದರೂ ಏನಾದರೂ ಸಿಗಲಿ. ಸಿಗದಿದ್ದರೆ ಬೇಡ.

ಎಡ ಅರ್ಧವನ್ನು ತಂದಿದ್ದೇವೆ. ಸಣ್ಣ ಬಿಳಿ ಡಬ್ಬಿ. ಬಸ್ಸಿನಲ್ಲಿ ನನ್ನ ತೊಡೆಯ ಮೇಲೇ ಇಟ್ಟುಕೊಂಡಿದ್ದೆ. ತಣ್ಣಗೆ ಕೊರೆಯುತ್ತಿತ್ತು. ಇವರು ತಮ್ಮ ಅಂಗಿ ಬಿಚ್ಚಿ ಕೆಳಗೆ ಹಾಸಿದರು, ಜನ ನೋಡಿದರೆ ನೋಡಲಿ ಎಂದು ಬನಿಯನ್ನಿನಲ್ಲೇ ಕೂತರು.

ಇವರು ಮಾಡಿದ್ದಕ್ಕೆ ಇವರ ಮೇಲೂ ಕೋಪವಿದೆ. ಒಂದೇ ಮನೆಯಲ್ಲಿದ್ದೇವಲ್ಲ, ಅದು ಬಟ್ಟಲು ತೊಳೆಯುತ್ತ, ಬಟ್ಟೆ ಮಡಿಸುತ್ತ ಸವೆಯುತ್ತದೆ. ನಿನ್ನ ಮೇಲಿನದು ಹಾಗೆ ಸವೆಯುವುದಿಲ್ಲ. ನೀನು ದೂರ ಇದ್ದೀಯ. ಎರಡೂ ಒಂದೇ ಉಸಿರಿನಲ್ಲಿ ಬಂತು ಎಂದು ಬರೆದೆಯಲ್ಲ, ಅದನ್ನು ನಂಬುತ್ತೇನೆ. ನಂಬಿದ ಮಾತ್ರಕ್ಕೆ ಹಗುರಾಗುತ್ತದೆ ಎಂದುಕೊಳ್ಳಬೇಡ.

ಗುನ್ನಿ ಇರುವಲ್ಲಿಗೇ ಡಬ್ಬಿಯನ್ನೂ ಸೇರಿಸಬೇಕು. ಬರುವ ಭಾನುವಾರ ಬೆಳಿಗ್ಗೆ ಎಂಟಕ್ಕೆ ಮನೆಯಿಂದ ಹೊರಡುತ್ತೇವೆ. ನಾವಿಬ್ಬರೇ. ನೀನು ಬರುವುದಾದರೆ ಬಾ.

ಬಂದು ಏನನ್ನೂ ವಿವರಿಸಬೇಡ.

ತಂಗಿ